ಬಾಡಿಗೆ ರೂಮಿನ ಲೆಕ್ಕ, ಜವಾಬ್ದಾರಿ ಮಾತ್ರ ಇಡೀ ಮನೆಯ ಲೆಕ್ಕ!

ಶಾಲೆ, ಪಠ್ಯಪುಸ್ತಕ, ಬಸ್ಸಿನ ಬೋರ್ಡು ಅಂತ ಬಹಳ ಸಲ ಮಾತಾಡಿದ್ದೀವಿ. ಇವತ್ತು ಬೇರೆ ವಿಷಯ. ಕೆಲಸಕ್ಕೆ ಅಂತ ಊರು ಬಿಟ್ಟು ಬಂದ ನಮ್ಮ ಹುಡುಗರು, ಹೆಣ್ಮಕ್ಕಳು ರಾತ್ರಿ ಎಲ್ಲಿ ಮಲಗ್ತಾರೆ, ಯಾರ ಮಾತಿನ ಮೇಲೆ ಮಲಗ್ತಾರೆ ಅನ್ನೋ ವಿಷಯ.

ತಳಿ, ಅಂಚೆಟ್ಟಿ, ಡೆಂಕಣಿಕೋಟೆ, ಕೆಲಮಂಗಲ, ಬಾಗಲೂರು, ಬೇರಿಗೆ, ಈ ಕಡೆಯಿಂದ ಎಷ್ಟು ಜನ ಹೊಸೂರಿಗೆ ಬರ್ತಾರೆ ಅನ್ನೋದು ನಿಮಗೇ ಗೊತ್ತು. ಸಿಪ್‌ಕಾಟ್‌ನಲ್ಲಿ ಶಿಫ್ಟ್, ಟಿವಿಎಸ್, ಲೇಲ್ಯಾಂಡ್, ಟೈಟಾನ್ ಸುತ್ತಮುತ್ತ ಕಾಂಟ್ರಾಕ್ಟ್ ಕೆಲಸ, ಇಲ್ಲಾಂದ್ರೆ ಅತ್ತಿಬೆಲೆ ದಾಟಿ ಬೆಂಗಳೂರು ಕಡೆಗೆ ದಿನಾ ಓಡಾಟ. ಪೇಟೆ ಒಳಗೆ ಬಾಡಿಗೆ ಕೈಗೆ ಎಟುಕಲ್ಲ. ಹಾಗಾಗಿ ಊರಂಚಿಗೆ ಹೋಗ್ತೀವಿ. ಅಂಥ ಒಂದು ಊರು ತೊರಪಲ್ಲಿ ಅಗ್ರಹಾರ.

ಹೊರಗಿನವರಿಗೆ ತೊರಪಲ್ಲಿ ಅಂದರೆ ರಾಜಾಜಿ ಹುಟ್ಟಿದೂರು. 1878ರ ಡಿಸೆಂಬರ್ 10ರಂದು ಅವರು ಹುಟ್ಟಿದ ಮನೆ ಈಗ ಸ್ಮಾರಕ. ಹೊಸೂರಿನಲ್ಲಿ ಶಾಲೆ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದವರು ಅವರು. ಅಂದರೆ ಈ ಊರಿಂದ ಓದೋಕೆ, ದುಡಿಯೋಕೆ ಗಡಿ ದಾಟಿ ಹೋಗೋದು ಇವತ್ತಿನ ಮಾತಲ್ಲ. ಬೇರೆ ಊರಲ್ಲಿ ಒಂದು ಕೋಣೆ ಹುಡುಕೋ ಕಷ್ಟವೂ ಇವತ್ತಿನದಲ್ಲ.

ಕೆಲವು ವರ್ಷಗಳ ಹಿಂದೆ, ನಮಗೆ ಬ್ಯಾಂಕಿನಲ್ಲಿ ಗುಮಾಸ್ತೆ ಕೆಲಸ ಸಿಕ್ಕ ಹೊಸದರಲ್ಲಿ, ನಾವು ಮೂವರು ಅಲ್ಲಿ ಒಂದು ಮಹಡಿ ಮನೆ ಸೇರಿದ್ವಿ. ಮೂರು ರೂಮು, ಒಂದು ಹಾಲ್, ಒಂದು ಅಡುಗೆಮನೆ, ಎರಡು ಬಾತ್‌ರೂಮ್. ಮೂವರೂ ಒಟ್ಟಿಗೆ ಬಂದವರಲ್ಲ. ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಓನರ್ ಒಬ್ಬೊಬ್ಬರಿಗೂ ಬೇರೆ ಬೇರೆ ದಿನ, ಬೇರೆ ಬೇರೆ ಬಾಡಿಗೆ ಹೇಳಿ, ಬೇರೆ ಬೇರೆ ಅಡ್ವಾನ್ಸ್ ತಗೊಂಡಿದ್ದರು. ಅಟ್ಯಾಚ್ ಬಾತ್‌ರೂಮ್ ಇದ್ದ ರೂಮಿಗೆ ಸ್ವಲ್ಪ ಜಾಸ್ತಿ, ಕಿಟಕಿ ಚಿಕ್ಕದಿದ್ದ ರೂಮಿಗೆ ಸ್ವಲ್ಪ ಕಮ್ಮಿ.

ಕರಾರು ಪತ್ರ? ಇರಲಿಲ್ಲ. ಯಾಕೆ ಕೇಳಲಿಲ್ಲ ಅಂತ ಈಗ ನಮ್ಮನ್ನ ನಾವೇ ಕೇಳ್ಕೊಂಡರೆ ಉತ್ತರ ನಾಚಿಕೆ ಆಗೋ ಹಾಗಿದೆ. ಅಲ್ಲಿವರೆಗೆ ನೋಡಿದ ನಾಲ್ಕು ಮನೆಯಲ್ಲಿ "ಯಾವೂರು, ಏನು ಜನ, ತಮಿಳು ಬರುತ್ತಾ" ಅಂತ ಕೇಳಿದ್ದರು. ಈ ಮನೇಲಿ ಓನರ್ ಬಾಯಿ ತೆಗೆದಿದ್ದೇ ಕನ್ನಡದಲ್ಲಿ. "ಬಾಪ್ಪ, ಕೂತ್ಕೊ. ನಮ್ಮೋರೇ ಅಲ್ವಾ, ಕಾಗದ ಗೀಗದ ಯಾಕೆ?" ಅಂದರು. ಅಷ್ಟೇ ಸಾಕಾಯ್ತು. ಅಣ್ಣ ಅಂತ ಕರೆದ ಮೇಲೆ ಕಾಗದ ಕೇಳೋಕೆ ಬಾಯಿ ಬರಲಿಲ್ಲ.

ಎಂಟು ತಿಂಗಳು ಚೆನ್ನಾಗೇ ಇತ್ತು. ಆಮೇಲೆ ಮೂರನೇ ರೂಮಿನವನು ಎರಡು ತಿಂಗಳ ಬಾಡಿಗೆ ಬಾಕಿ ಇಟ್ಟು ಒಂದು ದಿನ ಬೆಳಗಿನ ಜಾವ ಹೊರಟುಹೋದ. ಓನರ್ ಬಂದು ಹಾಲ್‌ನಲ್ಲಿ ನಿಂತರು.

"ಅವ್ನು ಹೋದ್ನಲ್ಲ. ಅವ್ನ ಬಾಕೀನ ನೀವಿಬ್ಬರೂ ಹಂಚ್ಕೊಂಡು ಕೊಟ್ಟುಬಿಡ್ರಪ್ಪ."

"ಅಣ್ಣ, ಅವನು ಯಾರು ಅಂತಾನೇ ನಮಗೆ ಸರಿಯಾಗಿ ಗೊತ್ತಿಲ್ಲ. ನೀವೇ ತಾನೆ ರೂಮು ಕೊಟ್ಟಿದ್ದು?"

"ಒಂದೇ ಮನೇಲಿ ಇದ್ರಿ. ಮನೆ ಅಂದ್ಮೇಲೆ ಒಂದೇ ಲೆಕ್ಕ."

ಮುಂದಿನ ತಿಂಗಳಿಂದ ಖಾಲಿ ರೂಮಿನ ಬಾಡಿಗೆಗೂ ನಮ್ಮಿಂದಲೇ ಪಾಲು ಕೇಳಿದರು. ಒಪ್ಪದೇ ಇದ್ದಾಗ ಹಾಲ್‌ನಲ್ಲಿ ಒಂದು ಮಂಚ ಹಾಕಿ ಇನ್ನೊಬ್ಬನನ್ನ ತಂದು ಇಳಿಸಿದರು. ಕೊನೆಗೆ ಎರಡನೇ ರೂಮಿನ ಹುಡುಗ, ಅಂಚೆಟ್ಟಿ ಕಡೆಯವನು, ಖಾಲಿ ಮಾಡ್ತೀನಿ ಅಂದ. ಅವನ ಅಡ್ವಾನ್ಸಿನಲ್ಲಿ ಓಡಿಹೋದವನ ಬಾಕಿ, ಕರೆಂಟ್ ಬಿಲ್ಲು, ಸುಣ್ಣ ಬಣ್ಣ ಅಂತ ಮುರಿದುಕೊಂಡು ಕೈಗೆ ಕೊಟ್ಟದ್ದು ಬಸ್ ಚಾರ್ಜಿಗಿಂತ ಸ್ವಲ್ಪ ಜಾಸ್ತಿ. ಹೊಸ ರೂಮಿಗೆ ಅಡ್ವಾನ್ಸ್ ಹೊಂದಿಸೋಕೆ ಆಗದೆ ಅವನು ಊರಿಗೆ ಹೋದ. ಕೆಲಸ ಹೋಯ್ತು. ಅವನ ಕೆಲಸ ಕಳೆದದ್ದು ಭಾಷೆಯೂ ಅಲ್ಲ, ಓದೂ ಅಲ್ಲ. ಒಂದು ಹಾಳೆ ಕಾಗದ ಇಲ್ಲದೇ ಇದ್ದದ್ದು.

ಈ ಬರಹ ಆ ಓನರ್ ಮೇಲಿನ ಸಿಟ್ಟಿಗಲ್ಲ. ಅವರ ಕಷ್ಟವೂ ನಮಗೆ ಗೊತ್ತು. ಹೊಲ ಮಾರಿ ಬಂದ ದುಡ್ಡಿಗೆ ಸಾಲ ಸೇರಿಸಿ ಮನೆ ಕಟ್ಟಿದವರು ನಮ್ಮ ಕೌಂಟರಿಗೆ ತಿಂಗಳು ತಿಂಗಳು ಬರ್ತಾರೆ. ರೂಮು ಖಾಲಿ ಬಿದ್ದರೆ ಅವರ ಇಎಂಐ ಕೂಡ ತಪ್ಪುತ್ತೆ. ಆದರೆ ನ್ಯಾಯ ಅಂತ ಒಂದು ಇದೆಯಲ್ಲ, ಅದನ್ನ ಲೆಕ್ಕ ಹಾಕಿಯೇ ನೋಡೋಣ.

ಒಂದು ಉದಾಹರಣೆ ಇಟ್ಕೊಳ್ಳಿ. ಇಡೀ ಮನೆ ಒಂದು ಸಂಸಾರಕ್ಕೆ ಕೊಟ್ಟರೆ ತಿಂಗಳಿಗೆ 12,000 ಬರುತ್ತೆ ಅನ್ನಿ. ಅದೇ ಮನೆ ಮೂರು ರೂಮಾಗಿ ಒಡೆದು 5,000ದಂತೆ ಕೊಟ್ಟರೆ 15,000. ತಿಂಗಳಿಗೆ 3,000 ಜಾಸ್ತಿ, ವರ್ಷಕ್ಕೆ 36,000 ಜಾಸ್ತಿ. ಈಗ ಒಂದು ರೂಮು ವರ್ಷದಲ್ಲಿ ಏಳು ತಿಂಗಳು ಖಾಲಿ ಬಿತ್ತು ಅಂದ್ಕೊಳ್ಳಿ, ನಷ್ಟ 35,000. ಆಗಲೂ ಓನರ್ ಕೈಯಲ್ಲಿ ಸಂಸಾರಕ್ಕೆ ಕೊಟ್ಟಿದ್ದರೆ ಬರ್ತಿದ್ದಕ್ಕಿಂತ 1,000 ಜಾಸ್ತಿಯೇ ಇರುತ್ತೆ.

ಆ 36,000 ಯಾಕೆ ಸಿಗ್ತಿದೆ? ರೂಮು ಆಗಾಗ ಖಾಲಿ ಆಗುತ್ತೆ, ಯಾರೋ ಒಬ್ಬ ಬಾಕಿ ಇಟ್ಟು ಹೋಗ್ತಾನೆ ಅನ್ನೋ ಅಪಾಯವನ್ನ ಹೊತ್ತುಕೊಂಡಿದ್ದಕ್ಕೆ. ಲಾಭವೂ ತಗೊಂಡು ಅಪಾಯವನ್ನೂ ಬಾಡಿಗೆಯವರ ತಲೆಗೆ ಹಾಕಿದರೆ ಅದು ವ್ಯಾಪಾರ ಅಲ್ಲ. ಬಾಡಿಗೆ ರೂಮಿನ ಲೆಕ್ಕದಲ್ಲಿ ತಗೊಂಡರೆ ಜವಾಬ್ದಾರಿಯೂ ರೂಮಿನ ಲೆಕ್ಕದಲ್ಲೇ ಇರಬೇಕು. ನಾವು ಹೇಳೋದು ಇಷ್ಟೇ.

ಕಾಮರ್ಸ್ ಓದಿದವರಿಗೆ ಇದು ಹೊಸದಲ್ಲ. ಬಿಸಿನೆಸ್ ಲಾ ಪೇಪರಿನಲ್ಲಿ 1872ರ ಭಾರತೀಯ ಕರಾರು ಕಾಯ್ದೆ ಓದಿದ್ದು ನೆನಪು ಮಾಡ್ಕೊಳ್ಳಿ. ಅದರ 43ನೇ ಸೆಕ್ಷನ್ ಏನು ಹೇಳುತ್ತೆ? ಹಲವರು ಸೇರಿ ಒಂದೇ ಮಾತು ಕೊಟ್ಟರೆ, ಬೇರೆ ಥರ ಬರೆದುಕೊಳ್ಳದೇ ಇದ್ದರೆ, ಅವರಲ್ಲಿ ಯಾರೊಬ್ಬರಿಂದ ಬೇಕಾದರೂ ಪೂರ್ತಿ ವಸೂಲಿ ಮಾಡಬಹುದು. ಕೊಟ್ಟವನು ಆಮೇಲೆ ಉಳಿದವರನ್ನ ಹುಡುಕ್ಕೊಂಡು ಹೋಗಿ ಅವರವರ ಪಾಲು ಕೇಳ್ಕೊಬೇಕು.

ಅಂದರೆ ಮೂವರು ಗೆಳೆಯರು ಸೇರಿ ಒಂದೇ ಕರಾರಿಗೆ ಸಹಿ ಹಾಕಿ ಇಡೀ ಮನೆ ಹಿಡಿದರೆ, ಒಬ್ಬ ಓಡಿಹೋದಾಗ ಅವನ ಪಾಲು ಉಳಿದವರ ತಲೆಗೆ ಬರಬಹುದು. ಅದು ಸರಿಯೇ, ಯಾಕಂದ್ರೆ ಆ ಜೊತೆಗಾರನನ್ನ ಆರಿಸಿಕೊಂಡವರು ನಾವೇ. ಆದರೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ರೂಮು ಕೊಟ್ಟಿದ್ದರೆ ಅವು ಮೂರು ಬೇರೆ ಕರಾರು. ಓಡಿಹೋದವನನ್ನ ಆರಿಸಿದ್ದು ಓನರ್, ನಾವಲ್ಲ. ಬ್ಯಾಂಕಿನ ಮಾತಲ್ಲಿ ಹೇಳೋದಾದರೆ, ಯಾರದ್ದೋ ಸಾಲಕ್ಕೆ ಗ್ಯಾರಂಟಿ ಸಹಿ ಹಾಕದೇ ಇದ್ದವನ ಹತ್ತಿರ ಹೋಗಿ "ನೀನು ಅವನ ಪಕ್ಕದ ಸೀಟಿನವನು, ನೀನೇ ಕಟ್ಟು" ಅಂದ ಹಾಗೆ. ಯಾವ ಬ್ಯಾಂಕೂ ಹಾಗೆ ಕೇಳೋಕಾಗಲ್ಲ.

ಸಮಸ್ಯೆ ಏನಂದ್ರೆ, ಕಾಗದ ಇಲ್ಲದಿದ್ದಾಗ ಒಂದು ಕರಾರಾ ಮೂರು ಕರಾರಾ ಅನ್ನೋದು ಬಾಯಿ ಮಾತಿನ ಜಗಳ ಆಗುತ್ತೆ. ಬಾಯಿ ಮಾತಿನ ಜಗಳದಲ್ಲಿ ಬೀಗದ ಕೈ ಯಾರ ಹತ್ತಿರ ಇದೆಯೋ ಅವರೇ ಗೆಲ್ತಾರೆ.

ತಮಿಳುನಾಡಿನಲ್ಲಿ ಇದಕ್ಕೆ ಕಾಯ್ದೆಯೂ ಇದೆ. ಹಳೆಯ 1960ರ ಬಾಡಿಗೆ ನಿಯಂತ್ರಣ ಕಾಯ್ದೆ ಹೋಗಿ, ಮಾಲೀಕರು ಮತ್ತು ಬಾಡಿಗೆದಾರರ ಹಕ್ಕು, ಹೊಣೆಗಳ 2017ರ ಕಾಯ್ದೆ ಬಂದು, 2019ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಅದರ ಮುಖ್ಯ ಅಂಶಗಳು ನಮ್ಮ ಹುಡುಗರಲ್ಲಿ ನೂರಕ್ಕೆ ಹತ್ತು ಜನಕ್ಕೂ ತಲುಪಿಲ್ಲ ಅನ್ನೋದು ಕೌಂಟರಿನಲ್ಲಿ ಕೂತು ನಮಗೆ ಅನಿಸಿದ್ದು. ಅದಕ್ಕೇ ಬಿಡಿಸಿ ಹೇಳ್ತೀವಿ.

ಒಂದು, ಈ ಕಾಯ್ದೆಯಲ್ಲಿ ಬಾಡಿಗೆ ಜಾಗ ಅಂದರೆ ಇಡೀ ಕಟ್ಟಡವೇ ಆಗಬೇಕಿಲ್ಲ. ಬೇರೆಯಾಗಿ ಬಾಡಿಗೆಗೆ ಕೊಟ್ಟ ಕಟ್ಟಡದ ಒಂದು ಭಾಗವೂ ಬಾಡಿಗೆ ಜಾಗವೇ. ಹೋಟೆಲು, ಲಾಡ್ಜು ಇದರೊಳಗೆ ಬರಲ್ಲ. ಹಾಗಾದರೆ ಬೇರೆಯಾಗಿ ಕೊಟ್ಟ ಒಂದು ರೂಮಿಗೆ ಬೇರೆ ಕರಾರು ಕೇಳೋದು ಅತಿಯಾಸೆ ಅಲ್ಲ.

ಎರಡು, ಬಾಡಿಗೆ ಕರಾರು ಬರಹದಲ್ಲೇ ಇರಬೇಕು. ಅದನ್ನ ರೆಂಟ್ ಅಥಾರಿಟಿಯ ಹತ್ತಿರ ನೋಂದಾಯಿಸಬೇಕು. ಅದಕ್ಕೆ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಇದೆ.

ಮೂರು, ಅಡ್ವಾನ್ಸಿಗೆ ಕಾಯ್ದೆ ಇಟ್ಟಿರೋ ಸಾಮಾನ್ಯ ಮಿತಿ ಮೂರು ತಿಂಗಳ ಬಾಡಿಗೆ. ಕರಾರಿನಲ್ಲಿ ಬೇರೆ ಬರೆದುಕೊಂಡರೆ ಮಾತ್ರ ಬೇರೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿ ಅಭ್ಯಾಸ ಆದ ಕೆಲವರು ಅದನ್ನೇ ಅತ್ತಿಬೆಲೆ ಈಚೆಗೂ ತರ್ತಿದ್ದಾರೆ. ಸಹಿ ಹಾಕೋ ಮುಂಚೆ ಆ ಸಾಲನ್ನ ಎರಡು ಸಲ ಓದಿ. ಖಾಲಿ ಮಾಡಿದ ಮೇಲೆ ನಿಮ್ಮ ಬಾಕಿಯನ್ನ ಮಾತ್ರ ಮುರಿದುಕೊಂಡು ಉಳಿದದ್ದನ್ನ ಒಂದು ತಿಂಗಳಲ್ಲಿ ವಾಪಸ್ ಕೊಡಬೇಕು. "ನಿಮ್ಮ ಬಾಕಿ" ಅನ್ನೋ ಮಾತಿಗೆ ಅಡಿಗೆರೆ ಹಾಕ್ಕೊಳ್ಳಿ. ಪಕ್ಕದ ರೂಮಿನವನ ಬಾಕಿ ಅಲ್ಲ.

ನಾಲ್ಕು, ಜಗಳ ಆಯ್ತು ಅಂತ ನೀರು, ಕರೆಂಟು ನಿಲ್ಲಿಸೋ ಹಾಗಿಲ್ಲ. ರೂಮಿನೊಳಗೆ ಬರಬೇಕು ಅಂದರೆ 24 ಗಂಟೆ ಮುಂಚೆ ತಿಳಿಸಬೇಕು. ಇದನ್ನ ಒಂಟಿಯಾಗಿ ರೂಮು ಮಾಡಿರೋ ನಮ್ಮ ಅಕ್ಕ ತಂಗಿಯರು ಮುಖ್ಯವಾಗಿ ತಿಳ್ಕೊಬೇಕು. ಇನ್ನೊಂದು ಕೀ ಇಟ್ಕೊಂಡು ಯಾವಾಗ ಬೇಕಾದರೂ ಬಾಗಿಲು ತೆಗೆಯೋದು ಓನರ್ ಹಕ್ಕಲ್ಲ. ರೂಮಲ್ಲ, ಹೆಂಗಸರ ಹಾಸ್ಟೆಲ್ಲೇ ನಡೆಸ್ತಿದ್ದಾರೆ ಅಂದರೆ ಅದಕ್ಕೆ 2014ರ ಬೇರೆ ಕಾಯ್ದೆಯೇ ಇದೆ, ನೋಂದಣಿ, ಲೈಸೆನ್ಸು ಬೇಕು. ಸೇರೋ ಮುಂಚೆ ಅದನ್ನ ತೋರಿಸಿ ಅಂತ ಕೇಳಿ.

ಐದು, ಇದು ಎಲ್ಲಕ್ಕಿಂತ ಮುಖ್ಯ. ಬರಹದ ಕರಾರು ಮಾಡಿಕೊಳ್ಳದೇ ಇರೋದನ್ನೇ ಮನೆ ಖಾಲಿ ಮಾಡಿಸೋ ಕಾರಣಗಳಲ್ಲಿ ಒಂದಾಗಿ ಈ ಕಾಯ್ದೆ ಇಟ್ಟಿದೆ. ಅಂದರೆ "ಕಾಗದ ಯಾಕೆ" ಅಂದ ಅದೇ ಓನರ್, ನಾಳೆ "ಕಾಗದ ಇಲ್ಲ, ಹೊರಡು" ಅಂತ ರೆಂಟ್ ಕೋರ್ಟಿಗೆ ಹೋಗಬಹುದು. ನಂಬಿಕೆಯಿಂದ ಬಿಟ್ಟ ಕಾಗದ ನಮ್ಮ ವಿರುದ್ಧವೇ ನಿಲ್ಲುತ್ತೆ.

ಒಂದು ಎಚ್ಚರಿಕೆ. ಈ ಕಾಯ್ದೆಯನ್ನ ರೂಪಿಸಿದ್ದು ಪೇಟೆಗಳ ಬಾಡಿಗೆ ಮನೆಗಳನ್ನ ಮನಸ್ಸಲ್ಲಿಟ್ಟುಕೊಂಡು. ಹೊಸೂರು 2019ರಲ್ಲಿ ಕಾರ್ಪೊರೇಷನ್ ಆಯ್ತು. ನೀವಿರೋ ಮನೆ ಕಾರ್ಪೊರೇಷನ್ ಗಡಿಯೊಳಗಾ, ಪಂಚಾಯ್ತಿಯಲ್ಲಾ ಅಂತ ಮನೆ ತೆರಿಗೆ ರಸೀದಿ ನೋಡಿದರೆ ಗೊತ್ತಾಗುತ್ತೆ. ಊರಂಚಿನ ಪಂಚಾಯ್ತಿಯಾದರೆ ಹೊಸೂರಿನ ಸಬ್ ಕಲೆಕ್ಟರ್ ಕಚೇರಿಯಲ್ಲಿ ಒಮ್ಮೆ ಕೇಳಿ ಖಚಿತ ಮಾಡ್ಕೊಳ್ಳಿ. ಏನೇ ಇರಲಿ, 1872ರ ಕರಾರು ಕಾಯ್ದೆಗೆ ಪೇಟೆ ಹಳ್ಳಿ ಅನ್ನೋ ಭೇದ ಇಲ್ಲ. ಬರೆದಿಟ್ಟ ಕರಾರು ತೊರಪಲ್ಲಿಯಲ್ಲೂ ನಿಲ್ಲುತ್ತೆ.

ಇನ್ನು ಕರೆಂಟ್ ಬಿಲ್ಲು. ನಮ್ಮ ಮಹಡಿ ಮನೆಯಲ್ಲಿ ತಿಂಗಳಿಗೊಂದು ಸಲ ಜಗಳ ಆಗ್ತಿದ್ದಿದ್ದು ಇದಕ್ಕೇ. ತಮಿಳುನಾಡಿನಲ್ಲಿ ಮನೆ ಬಳಕೆಯ ಮೀಟರ್ ಓದೋದು ಎರಡು ತಿಂಗಳಿಗೊಮ್ಮೆ. 2016ರಲ್ಲಿ ಮೊದಲ 100 ಯೂನಿಟ್ ಉಚಿತ ಮಾಡಿದರು. ಅದು ಒಂದು ಕನೆಕ್ಷನ್‌ಗೆ 100, ಒಂದು ತಲೆಗಲ್ಲ. ಮೇಲೆ ಹೋದಷ್ಟೂ ಯೂನಿಟ್ ದರ ಏರುತ್ತೆ. ಮೂರು ಅಪರಿಚಿತರು ಒಂದೇ ಮೀಟರಿಗೆ ಬಿದ್ದರೆ ಆ 100 ಯೂನಿಟ್ ಮೂವರ ಮಧ್ಯೆ ಕರಗಿಹೋಗಿ, ಬೇಗ ಮೇಲಿನ ದರಕ್ಕೆ ಹತ್ತುತ್ತೆ. ಮೂವರೂ ಕಡಿಮೆ ಉಪಯೋಗಿಸಿದರೂ ಬಿಲ್ಲು ದೊಡ್ಡ ಸಂಸಾರದ್ದೇ ಬರುತ್ತೆ.

ಅದರ ಮೇಲೆ ಕೆಲವು ಓನರ್‌ಗಳು ಸಬ್ ಮೀಟರ್ ಹಾಕಿ, ಯೂನಿಟ್ಟಿಗೆ ತಮ್ಮದೇ ಒಂದು ದರ ಇಟ್ಟು, ಉಚಿತ ಯೂನಿಟ್ಟಿಗೂ ದುಡ್ಡು ತಗೊಳ್ತಾರೆ. ಕೇಳಬೇಕಾದ್ದು ಎರಡೇ. ಅಸಲಿ ಬಿಲ್ಲು ತೋರಿಸಿ, ಸಬ್ ಮೀಟರ್ ಓದಿದ ಪ್ರಕಾರ ಬಿಲ್ಲಿನ ಮೊತ್ತ ಭಾಗ ಮಾಡಿ. ಬಿಲ್ಲಿಗಿಂತ ಒಂದು ರೂಪಾಯಿ ಜಾಸ್ತಿ ಯಾಕೆ ಕೊಡಬೇಕು?

ಇದು ನಮ್ಮ ಕಡೆ ಮಾತ್ರ ಇರೋ ತಾಪತ್ರಯ ಅಂದ್ಕೋಬೇಡಿ. ಇಂಗ್ಲೆಂಡಿನಲ್ಲೂ ಒಂದು ಮನೆಯನ್ನ ರೂಮು ರೂಮಾಗಿ ಕೊಡೋದು ದೊಡ್ಡ ವ್ಯಾಪಾರ. ಎಲ್ಲರೂ ಸೇರಿ ಸಹಿ ಹಾಕಿದರೆ ಎಲ್ಲರಿಗೂ ಪೂರ್ತಿ ಹೊಣೆ, ಬೇರೆ ಬೇರೆ ಹಾಕಿದರೆ ಅವರವರ ರೂಮಿನ ಹೊಣೆ ಮಾತ್ರ ಅನ್ನೋ ತತ್ವ ಅಲ್ಲೂ ಇದೇ. ಆದರೆ ಅವರು ಇನ್ನೂ ಮುಂದೆ ಹೋಗಿದ್ದಾರೆ. ಒಂದೇ ಸಂಸಾರದವರಲ್ಲದ ಐದು ಅಥವಾ ಹೆಚ್ಚು ಜನ ಅಡುಗೆಮನೆ, ಬಾತ್‌ರೂಮ್ ಹಂಚಿಕೊಂಡಿರೋ ಮನೆಗೆ ಓನರ್ ಲೈಸೆನ್ಸ್ ತಗೊಬೇಕು. 2018ರಿಂದ ಅಂಥ ಮನೆಯಲ್ಲಿ ಒಬ್ಬ ವಯಸ್ಕ ಮಲಗೋ ಕೋಣೆ 6.51 ಚದರ ಮೀಟರಿಗಿಂತ ಚಿಕ್ಕದಿರೋ ಹಾಗಿಲ್ಲ. ಬಾಡಿಗೆಯ ಠೇವಣಿ ಓನರ್ ಜೇಬಿನಲ್ಲಿ ಸುಮ್ಮನೆ ಇರಲ್ಲ, 2007ರಿಂದ ಸರ್ಕಾರ ಒಪ್ಪಿದ ಯೋಜನೆಯೊಂದರ ರಕ್ಷಣೆಯಲ್ಲಿರಬೇಕು. ಹಾಲ್‌ನಲ್ಲಿ ಮಂಚ ಹಾಕಿ "ಇದೂ ಒಂದು ರೂಮೇ" ಅನ್ನೋದು ಅಲ್ಲಿ ಸುಲಭ ಇಲ್ಲ. ನಾವು ಅಷ್ಟನ್ನೂ ಇವತ್ತೇ ಕೇಳ್ತಿಲ್ಲ. ಇರೋ ಕಾಯ್ದೆಯನ್ನ ಬಳಸಿದರೆ ಸಾಕು.

ಈಗ ಭಾಷೆಯ ವಿಷಯ. ಕಾಗದ ಅಂದ ತಕ್ಷಣ ನಮ್ಮವರು ಹಿಂದೆ ಸರಿಯೋಕೆ ಇನ್ನೊಂದು ಕಾರಣ, ಅದು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತೆ. ಕನ್ನಡ ಶಾಲೆಯಲ್ಲಿ ಓದಿದವರಿಗೆ ತಮಿಳು ಮಾತಾಡೋಕೆ ಬರುತ್ತೆ, ಸ್ಟಾಂಪ್ ಪೇಪರಿನ ತಮಿಳು ಓದೋಕೆ ಕಷ್ಟ. ಓದದೇ ಸಹಿ ಹಾಕೋದು ಕಾಗದ ಇಲ್ಲದೇ ಇರೋದಕ್ಕಿಂತ ಕೆಟ್ಟದ್ದು. ಹಾಗಾಗಿ ಓನರ್ ಕನ್ನಡ ಮಾತಾಡೋರಾದರೆ ಕರಾರಿನ ಸಾರಾಂಶವನ್ನ ಒಂದು ಹಾಳೆಯಲ್ಲಿ ಕನ್ನಡದಲ್ಲೂ ಬರೆದು ಇಬ್ಬರೂ ಸಹಿ ಹಾಕಿ. ಇಬ್ಬರಿಗೂ ಅರ್ಥ ಆಗೋ ಭಾಷೆಯಲ್ಲಿ ಬರೆದ ಮೇಲೆ "ನಾನು ಹಾಗೆ ಹೇಳಿರಲಿಲ್ಲ" ಅನ್ನೋ ಮಾತಿಗೆ ಜಾಗ ಇರಲ್ಲ.

ದೂರು ಕೊಡೋ ಹಂತಕ್ಕೆ ಬಂದರೂ ಹಿಂಜರಿಯಬೇಡಿ. ಸಂವಿಧಾನದ 350ನೇ ವಿಧಿ ಏನು ಹೇಳುತ್ತೆ ಅಂದರೆ, ಕುಂದುಕೊರತೆಯ ಮನವಿಯನ್ನ ಸರ್ಕಾರದ ಯಾವ ಅಧಿಕಾರಿಗೆ ಬೇಕಾದರೂ, ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವ ಭಾಷೆಯಲ್ಲಿ ಬೇಕಾದರೂ ಕೊಡಬಹುದು. ಕನ್ನಡದಲ್ಲಿ ಬರೆದ ಅರ್ಜಿಯನ್ನ ಭಾಷೆಯ ಕಾರಣಕ್ಕೆ ವಾಪಸ್ ತಳ್ಳೋದು ಸರಿಯಲ್ಲ. ಜೊತೆಗೆ, ಒಂದು ಜಿಲ್ಲೆ ಅಥವಾ ತಾಲೂಕಿನಲ್ಲಿ ಕನಿಷ್ಠ ಶೇಕಡಾ 15ರಷ್ಟು ಜನ ಮಾತಾಡೋ ಅಲ್ಪಸಂಖ್ಯಾತ ಭಾಷೆಗೆ ಮುಖ್ಯ ನಿಯಮ, ಸೂಚನೆಗಳನ್ನ ಅನುವಾದ ಮಾಡಿ ಪ್ರಕಟಿಸಬೇಕು ಅನ್ನೋದು ಭಾಷಾ ಅಲ್ಪಸಂಖ್ಯಾತರಿಗೆ ದೇಶದಲ್ಲಿ ಒಪ್ಪಿಕೊಂಡಿರೋ ರಕ್ಷಣೆ. ಬಾಡಿಗೆ ಕಾಯ್ದೆಯ ಮುಖ್ಯಾಂಶಗಳ ಒಂದು ಪುಟದ ಕನ್ನಡ ಕರಪತ್ರ, ಒಂದು ಪುಟದ ತೆಲುಗು ಕರಪತ್ರ ಹೊಸೂರು, ಡೆಂಕಣಿಕೋಟೆಯ ಕಚೇರಿಗಳಲ್ಲಿ ಸಿಗಲಿ ಅಂತ ನಾವೆಲ್ಲ ಸೇರಿ ಮನವಿ ಕೊಡೋಣ. ಇದರಲ್ಲಿ ಯಾರ ಭಾಷೆಗೂ ವಿರೋಧ ಇಲ್ಲ.

ರೂಮು ಹಿಡಿಯೋ ದಿನ ಮಾಡಬೇಕಾದ್ದು ಇಷ್ಟು. ಫೋಟೊ ತೆಗೆದು ಇಟ್ಕೊಳ್ಳಿ:

1. ಕರಾರಿನಲ್ಲಿ ನಿಮ್ಮ ಒಬ್ಬರ ಹೆಸರು, ನಿಮ್ಮ ರೂಮಿನ ಗುರುತು (ಒಂದನೇ ರೂಮು, ರಸ್ತೆ ಕಡೆಯದ್ದು ಅಂತ), ನಿಮ್ಮ ಬಾಡಿಗೆ, ನಿಮ್ಮ ಅಡ್ವಾನ್ಸ್ ಬರೆಸಿ.
2. "ಬೇರೆ ರೂಮಿನವರ ಬಾಕಿಗೆ ಇವರು ಹೊಣೆಯಲ್ಲ" ಅನ್ನೋ ಒಂದು ಸಾಲು ಇರಲಿ.
3. ಹಾಲ್, ಅಡುಗೆಮನೆ, ಬಾತ್‌ರೂಮ್ ಎಲ್ಲರಿಗೂ ಸೇರಿದ್ದು, ಮನೆಯಲ್ಲಿ ಒಟ್ಟು ಇಷ್ಟೇ ಜನ ಅಂತ ಬರೆಸಿ.
4. ಅಡ್ವಾನ್ಸನ್ನ ಕೈಯಲ್ಲಿ ಕೊಡಬೇಡಿ. ಯುಪಿಐನಲ್ಲೋ ಬ್ಯಾಂಕಿನಿಂದಲೋ ಹಾಕಿ, ಷರಾ ಜಾಗದಲ್ಲಿ "ಒಂದನೇ ರೂಮು ಅಡ್ವಾನ್ಸ್" ಅಂತ ಬರೀರಿ. ಪ್ರತಿ ತಿಂಗಳ ಬಾಡಿಗೆಗೂ ಹಾಗೇ. ನಿಮ್ಮ ಪಾಸ್‌ಬುಕ್ಕೇ ಆಗ ರಸೀದಿ.
5. ಸೇರೋ ದಿನ ಗೋಡೆ, ನಲ್ಲಿ, ಸ್ವಿಚ್ಚು, ಮೀಟರ್ ಇವುಗಳ ಫೋಟೊ ತೆಗೆದು ಓನರ್‌ಗೂ ವಾಟ್ಸಾಪ್ ಮಾಡಿ. ಖಾಲಿ ಮಾಡೋ ದಿನ ಸುಣ್ಣ ಬಣ್ಣದ ವಾದ ಅಲ್ಲೇ ಮುಗಿಯುತ್ತೆ.

ಓನರ್ ಆಗಿರೋ ನಮ್ಮ ಹಿರಿಯರಿಗೂ ಒಂದು ಮಾತು. ಕಾಗದ ನಿಮಗೂ ಕಾವಲು. ಓಡಿಹೋದವನ ಹೆಸರು, ವಿಳಾಸ, ಸಹಿ ನಿಮ್ಮ ಹತ್ತಿರ ಇದ್ದರೆ ಅವನನ್ನೇ ಕೇಳಬಹುದು, ಉಳಿದ ಮಕ್ಕಳ ಹೊಟ್ಟೆ ಮೇಲೆ ಹೊಡೆಯೋ ಅಗತ್ಯ ಬರಲ್ಲ.

ಹಳೇ ಕಾಲದಲ್ಲಿ ಅಗ್ರಹಾರ ಕೊಡುವಾಗ ಕಲ್ಲಿನ ಮೇಲೋ ತಾಮ್ರದ ಮೇಲೋ ಬರೆಸಿ ಕೊಡ್ತಿದ್ದರು. ಎಲ್ಲೆ ಎಲ್ಲಿವರೆಗೆ, ಯಾರಿಗೆ ಎಷ್ಟು ವೃತ್ತಿ ಅಂತ ಒಬ್ಬೊಬ್ಬರ ಹೆಸರು ಹಾಕಿ ಕೆತ್ತಿಸಿದ ಶಾಸನಗಳಿವೆ. ಯಾರಿಗೆ ಕೊಟ್ಟರು, ಯಾರನ್ನ ಹೊರಗಿಟ್ಟರು ಅನ್ನೋದು ಬೇರೆ ಚರ್ಚೆ, ಅದನ್ನೂ ಮಾಡೋಣ. ಆದರೆ ರಾಜನ ಮಾತಿಗೂ ಬರಹ ಕೇಳಿದ ನಾಡು ನಮ್ಮದು. ಓನರ್ ಮಾತಿಗೆ ಒಂದು ಹಾಳೆ ಕೇಳಿದರೆ ಅವಮಾನ ಏನಿದೆ?

ಅಂಚೆಟ್ಟಿಯ ಆ ಹುಡುಗ ಆಮೇಲೆ ಎರಡು ವರ್ಷ ಬಿಟ್ಟು ಮತ್ತೆ ಹೊಸೂರಿಗೆ ಬಂದ. ಹೊಸ ರೂಮು ನೋಡೋಕೆ ನಮ್ಮನ್ನೂ ಕರ್ಕೊಂಡು ಹೋದ. ಆ ಮನೆಯ ಯಜಮಾನಿ ತಮಿಳಿನವರು. ಇವನು ಮೆಲ್ಲಗೆ, "ಅಮ್ಮ, ಬೇಜಾರ್ ಮಾಡ್ಕೋಬೇಡಿ, ಒಂದು ಕರಾರು ಬರ್ಕೊಳ್ಳೋಣ" ಅಂತ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಕೇಳಿದ. ಅವರು ಬೀರುವಿನಿಂದ ಸ್ಟಾಂಪ್ ಪೇಪರ್ ತೆಗೆದು ಮುಂದಿಟ್ಟು, "ನೀ ಕೇಳ್ಳೇ ಅಂದ್ರೆ ನಾನೇ ಕೇಳ್ತಿದ್ದೆ ಕಣಪ್ಪ" ಅನ್ನೋ ಅರ್ಥದ ಮಾತು ಹೇಳಿ ನಕ್ಕರು.

ಕನ್ನಡ ಮಾತಾಡಿದ ಮಾತ್ರಕ್ಕೆ ನಮ್ಮವರಾಗಲ್ಲ, ತಮಿಳು ಮಾತಾಡಿದ ಮಾತ್ರಕ್ಕೆ ಹೊರಗಿನವರೂ ಆಗಲ್ಲ. ಅಣ್ಣ ಅನ್ನಿ, ಅಮ್ಮ ಅನ್ನಿ, ಪ್ರೀತಿಯಿಂದಲೇ ಕರೀರಿ. ಕರೆದ ಮೇಲೆ ಕಾಗದವನ್ನೂ ಕೇಳಿ.

ಈ ತಿಂಗಳು ಯಾರಾದರೂ ತಮ್ಮ, ತಂಗಿ ರೂಮು ಹುಡುಕ್ತಿದ್ದರೆ ಈ ಬರಹ ಅವರಿಗೆ ಕಳಿಸಿ. ನಿಮಗೂ ಇಂಥದ್ದೇ ಅನುಭವ ಆಗಿದ್ದರೆ ಬರೀರಿ, ಯಾರ ಹೆಸರೂ ಹಾಕಬೇಡಿ, ನಡೆದದ್ದು ಬರೀರಿ.